ಸ್ವಿಚ್ ಆರಿಸಿದರೂ ಆರದ ಎಲ್‌ಇಡಿ ಬಲ್ಬು: ಬಲ್ಬು ಬದಲಿಸುವ ಮೊದಲು ತಂತಿಯನ್ನು ಪರೀಕ್ಷಿಸಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಹಳೆಯ ಹೆಂಚಿನ ಮನೆ. ಜಗಲಿ, ನಡುಮನೆ ಮತ್ತು ಬಚ್ಚಲಿಗೆ ಹೋಗುವ ಹಾದಿಯ ಎಲ್‌ಇಡಿ ಬಲ್ಬುಗಳು ಸ್ವಿಚ್ ಆರಿಸಿದ ಮೇಲೂ ಪೂರ್ತಿ ಆರುವುದಿಲ್ಲ. ಮೊದಲಿನ ಎರಡು ರಾತ್ರಿಯಿಡೀ ಮಿಣುಕು ಬೆಳಕಿನಲ್ಲಿರುತ್ತವೆ. ಬಚ್ಚಲ ಹಾದಿಯದು ಕೆಲವು ಸೆಕೆಂಡಿಗೊಮ್ಮೆ ಫಕ್ಕನೆ ಹೊತ್ತಿ ಆರುತ್ತದೆ. ಅಟ್ಟದ ಮೆಟ್ಟಿಲಿಗೆ ಮೇಲೊಂದು ಕೆಳಗೊಂದು ಸ್ವಿಚ್ ಇದ್ದು, ಆ ದೀಪ ಎಲ್‌ಇಡಿ ಹಾಕಿದಾಗಿನಿಂದಲೂ ಹೀಗೆಯೇ ಇದೆ. ಉಳಿದವು ಮಾತ್ರ ಕಳೆದ ಮಳೆಗಾಲದಲ್ಲಿ ಮರ ಬಿದ್ದು ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿ ಹರಿದು, ಅದನ್ನು ಮತ್ತೆ ಜೋಡಿಸಿದ ನಂತರ ಹೀಗಾದವು ಎನ್ನುತ್ತಾರೆ ನಮ್ಮ ಅತ್ತೆ. ನಮ್ಮ ಯಜಮಾನರು ಅದನ್ನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಬೆಳಕು ಕಡಿಮೆಯಾಗಿ ಮಳೆ ಹಿಡಿದಾಗ ಹೆಚ್ಚಾಗುವುದರಿಂದ ಇದು ಗೋಡೆಯ ತೇವದ ಕೆಲಸ ಎನ್ನುತ್ತಾರೆ. ಎಲೆಕ್ಟ್ರಿಷಿಯನ್ ಬಂದು ಬಲ್ಬುಗಳನ್ನೂ ಒಂದು ಸ್ವಿಚ್ಚನ್ನೂ ಬದಲಿಸಿದರು, ಉಪಯೋಗವಾಗಲಿಲ್ಲ. ದೇವರ ಮನೆಯ ಹಳೆಯ ಝೀರೋ ಕ್ಯಾಂಡಲ್ ಬಲ್ಬು ಮಾತ್ರ ಸರಿಯಾಗಿ ಆರುತ್ತದೆ. ಕರೆಂಟು ಸೋರುತ್ತಿದೆಯೇ? ಬಿಲ್ಲು ಹೆಚ್ಚು ಬರುತ್ತದೆಯೇ? ಮಕ್ಕಳಿರುವ ಮನೆ, ಅಪಾಯವೇನಾದರೂ ಇದೆಯೇ?

ಉತ್ತರ: ಬಿಲ್ಲಿನ ಬಗ್ಗೆ ಚಿಂತೆ ಬೇಡ, ಆದರೆ ಅಪಾಯದ ಬಗ್ಗೆ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಆ ಮಿಣುಕು ಬೆಳಕಿನಿಂದ ಯಾರಿಗೂ ತೊಂದರೆಯಿಲ್ಲ. ಆದರೆ ನೀವು ಬರೆದಿರುವ ವಿವರಗಳನ್ನು ಜೋಡಿಸಿ ನೋಡಿದರೆ, ನಿಮ್ಮ ಮನೆಗೆ ಬರುವ ಫೇಸ್ (ಕರೆಂಟು ತರುವ) ಮತ್ತು ನ್ಯೂಟ್ರಲ್ (ಅದನ್ನು ಮರಳಿ ಒಯ್ಯುವ) ತಂತಿಗಳು ಅದಲುಬದಲಾಗಿರುವ ಸಾಧ್ಯತೆ ಬಲವಾಗಿದೆ, ಮತ್ತು ಹಾಗಾಗಿದ್ದರೆ ಅದನ್ನು ಒಂದು ದಿನವೂ ಮುಂದೂಡಬಾರದು. ಅದು ಖಚಿತವಾಗುವವರೆಗೆ ಎರಡು ಎಚ್ಚರಿಕೆಗಳನ್ನು ಪಾಲಿಸಿ. ಬಲ್ಬು ಬದಲಿಸುವುದಿದ್ದರೆ ಗೋಡೆಯ ಸ್ವಿಚ್ಚನ್ನು ನಂಬದೆ ಮೇನ್ ಸ್ವಿಚ್ ಇಳಿಸಿಯೇ ಕೈ ಹಾಕಿ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಮುಂತಾದವುಗಳನ್ನು ಬಳಸಿದ ಮೇಲೆ ಸ್ವಿಚ್ ಆರಿಸಿ ಸುಮ್ಮನಾಗದೆ, ಪ್ಲಗ್ಗನ್ನೇ ಕಿತ್ತಿಡಿ.

ಮೊದಲು ಎಲ್‌ಇಡಿ ಬಲ್ಬೇ ಏಕೆ ಹೀಗೆ ಮಾಡುತ್ತದೆ, ಝೀರೋ ಕ್ಯಾಂಡಲ್ ಬಲ್ಬು ಏಕೆ ಮಾಡುವುದಿಲ್ಲ ಎಂಬುದನ್ನು ನೋಡೋಣ, ಏಕೆಂದರೆ ಉಳಿದೆಲ್ಲವೂ ಅದರಿಂದಲೇ ತಿಳಿಯಾಗುತ್ತದೆ. ಹಳೆಯ ಬಲ್ಬಿನೊಳಗಿನ ಟಂಗ್‌ಸ್ಟನ್ ಎಳೆ ಕಣ್ಣಿಗೆ ಕಾಣುವಷ್ಟು ಕೆಂಪಾಗಬೇಕಾದರೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬೇಕು. ಝೀರೋ ಎಂದು ಕರೆದರೂ ಆ ಬಲ್ಬು ಸಾಮಾನ್ಯವಾಗಿ 15 ವ್ಯಾಟಿನದು. ಉರಿಯುವಾಗ ಅದರಲ್ಲಿ ಹರಿಯುವ ಕರೆಂಟು ಸುಮಾರು 65 ಮಿಲಿಆಂಪಿಯರ್. ಅದರ ಸಾವಿರದ ಒಂದು ಭಾಗ ಕರೆಂಟು ಹರಿದರೆ ಎಳೆ ಉಗುರುಬೆಚ್ಚಗೂ ಆಗುವುದಿಲ್ಲ, ಹಾಗಾಗಿ ದೀಪ ಪೂರ್ತಿ ಆರಿದಂತೆಯೇ ಕಾಣುತ್ತದೆ. ಎಲ್‌ಇಡಿ ಬೆಳಗಲು ಬಿಸಿಯಾಗಬೇಕಾಗಿಲ್ಲ. ಮಿಲಿಆಂಪಿಯರ್‌ನ ಹತ್ತನೇ ಒಂದು ಭಾಗ ಸಿಕ್ಕರೂ ಅದು ಬೆಳಕು ಕೊಡುತ್ತದೆ, ಮತ್ತು ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಆ ಬೆಳಕು ಚೆನ್ನಾಗಿಯೇ ಕಾಣುತ್ತದೆ. ಅಂದರೆ ದೇವರ ಮನೆಯ ತಂತಿಯಲ್ಲೂ ಅದೇ ಪುಟ್ಟ ಕರೆಂಟು ಹರಿಯುತ್ತಿರಬಹುದು; ಅದನ್ನು ತೋರಿಸುವ ಶಕ್ತಿ ಆ ಬಲ್ಬಿಗೆ ಇಲ್ಲ, ಅಷ್ಟೇ.

ಒಂದು ಬಲ್ಬು ಸದಾ ಮಿಣುಗುವುದಕ್ಕೂ ಇನ್ನೊಂದು ಫಕ್ಕನೆ ಹೊತ್ತಿ ಆರುವುದಕ್ಕೂ ಕಾರಣ ಬಲ್ಬಿನ ಒಳಗಿನ ಸರ್ಕ್ಯೂಟು. ಮನೆಗೆ ಬರುವ 230 ವೋಲ್ಟ್, 50 ಹರ್ಟ್ಜ್‌ನ ಎಸಿ ವಿದ್ಯುತ್ತನ್ನು ಬಲ್ಬಿನ ಬುಡದಲ್ಲಿರುವ ಡಯೋಡುಗಳು ಡಿಸಿಗೆ ತಿರುಗಿಸುತ್ತವೆ. ಆ ಡಿಸಿಯನ್ನು ಒಂದು ಕೆಪಾಸಿಟರ್ ಕೂಡಿಟ್ಟುಕೊಳ್ಳುತ್ತದೆ. ಅದರ ಮುಂದೆ ಕರೆಂಟನ್ನು ಹದದಲ್ಲಿಡುವ ಡ್ರೈವರ್ ಇರುತ್ತದೆ. ಸರಳ ಡ್ರೈವರ್ ಇರುವ ಬಲ್ಬಿನಲ್ಲಿ ಬಂದ ಅಲ್ಪ ಕರೆಂಟು ನೇರವಾಗಿ ಎಲ್‌ಇಡಿಗಳ ಮೂಲಕ ಹಾದುಹೋಗಿ ಸದಾ ಮಿಣುಕು ಬೆಳಕಾಗುತ್ತದೆ. ಬೇರೆ ಬಗೆಯ ಡ್ರೈವರ್‌ಗೆ ಕೆಲಸ ಆರಂಭಿಸಲು ಇಂತಿಷ್ಟು ವೋಲ್ಟೇಜು ಬೇಕು. ಸೂರಿನ ನೀರು ಹನಿಹನಿಯಾಗಿ ಬಿದ್ದು ತುಂಬಿದ ಕೊಡವನ್ನು ಒಮ್ಮೆಲೇ ಬಗ್ಗಿಸಿದಂತೆ, ಅಲ್ಲಿ ಕೆಪಾಸಿಟರ್ ಕೆಲವು ಸೆಕೆಂಡು ತುಂಬುತ್ತ ಹೋಗಿ, ಡ್ರೈವರ್ ಎಚ್ಚೆತ್ತ ಕೂಡಲೇ ಖಾಲಿಯಾಗುತ್ತದೆ; ಬಲ್ಬು ಒಮ್ಮೆ ಹೊಳೆದು ಆರುತ್ತದೆ. ಆದ್ದರಿಂದ ಬಚ್ಚಲ ಹಾದಿಯ ದೀಪಕ್ಕೆ ಬೇರೆಯೇ ರೋಗ ಇದೆ ಎಂದು ಈಗಲೇ ತೀರ್ಮಾನಿಸಬೇಕಾಗಿಲ್ಲ. ಅದನ್ನು ಜಗಲಿಗೂ ಜಗಲಿಯದನ್ನು ಅಲ್ಲಿಗೂ ಬದಲಿಸಿ ಹಾಕಿ ನೋಡಬಹುದು. ಮಿನುಗುವಿಕೆ ಬಲ್ಬಿನ ಜೊತೆಯಲ್ಲೇ ಬಂದರೆ ವ್ಯತ್ಯಾಸ ಡ್ರೈವರ್‌ನದು ಎಂದು ಖಚಿತವಾಗುತ್ತದೆ. ಇದನ್ನೂ ಮೇನ್ ಸ್ವಿಚ್ ಇಳಿಸಿಯೇ ಮಾಡಿ.

ಇನ್ನು ಸ್ವಿಚ್ ಆರಿದ ಮೇಲೆ ಈ ಅಲ್ಪ ಕರೆಂಟು ಬರುವುದಾದರೂ ಎಲ್ಲಿಂದ? ಇಲ್ಲಿ ನಿಮ್ಮ ಅತ್ತೆಯವರ ಮಾತು ಮತ್ತು ಯಜಮಾನರ ಮಾತು ಎರಡೂ ಸರಿ; ಒಂದು ಮೂಲ ಕಾರಣವನ್ನು ಹೇಳುತ್ತದೆ, ಇನ್ನೊಂದು ಅದು ಹೆಚ್ಚುಕಡಿಮೆಯಾಗುವುದರ ಕಾರಣವನ್ನು ಹೇಳುತ್ತದೆ.

ಸರಿಯಾದ ವೈರಿಂಗ್‌ನಲ್ಲಿ ಸ್ವಿಚ್ ಇರುವುದು ಫೇಸ್ ತಂತಿಯ ಮೇಲೆ. ಮನೆ ವೈರಿಂಗ್ ಕುರಿತ ಭಾರತೀಯ ಮಾನಕ ಐಎಸ್ 732 ಕೂಡ ಒಂದೇ ತಂತಿಯನ್ನು ಕಡಿಯುವ ಸ್ವಿಚ್ಚುಗಳು ಫೇಸ್‌ನ ಮೇಲೆಯೇ ಇರಬೇಕೆನ್ನುತ್ತದೆ. ಹಾಗಿದ್ದಾಗ ಸ್ವಿಚ್ ಆರಿಸಿದರೆ ಹೋಲ್ಡರಿನ ತನಕ ಹೋಗುವ ಎರಡು ತಂತಿಗಳಲ್ಲಿ ಒಂದು ನ್ಯೂಟ್ರಲ್, ಇನ್ನೊಂದು ಎಲ್ಲಿಗೂ ಸೇರದ ತಂತಿ; ಎರಡರಲ್ಲೂ ಫೇಸ್ ಇಲ್ಲ, ಬಲ್ಬು ಹೊಳೆಯಲು ಕಾರಣವೇ ಇಲ್ಲ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ ಅದೇ ಸ್ವಿಚ್ ನ್ಯೂಟ್ರಲನ್ನು ಕಡಿಯುತ್ತದೆ. ದೀಪ ಆರಿದಂತೆ ಕಂಡರೂ ಹೋಲ್ಡರಿನ ಒಂದು ಪಿನ್ನಿಗೆ ಫೇಸ್ ನೇರವಾಗಿ ಸೇರಿಯೇ ಇರುತ್ತದೆ. ಆ ಫೇಸ್ ಬಲ್ಬಿನ ಒಳಗಿನಿಂದ ದಾಟಿ, ಹೋಲ್ಡರಿನಿಂದ ಸ್ವಿಚ್ಚಿಗೆ ಇಳಿಯುವ ತಂತಿಯವರೆಗೂ ಬಂದು ನಿಂತಿರುತ್ತದೆ. ಆ ತಂತಿಯಾದರೋ ಗೋಡೆಗೆ ಅಂಟಿಕೊಂಡೇ ಇಳಿಯುತ್ತದೆ. ಒಣಗಿದ ಗೋಡೆ ವಿದ್ಯುತ್ತಿಗೆ ಅಷ್ಟಾಗಿ ದಾರಿ ಕೊಡುವುದಿಲ್ಲ. ತೇವ ಹಿಡಿದ ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆ ನೆಲಕ್ಕೆ ಸೇರಿದ ವಾಹಕವೇ ಆಗಿಬಿಡುತ್ತದೆ. ತಂತಿಯ ತಾಮ್ರ ಅಥವಾ ಅಲ್ಯೂಮಿನಿಯಮ್ ಒಂದು ಕಡೆ, ಗೋಡೆ ಇನ್ನೊಂದು ಕಡೆ, ನಡುವೆ ಪಿವಿಸಿ ಹೊದಿಕೆ ಸೇರಿ ಉದ್ದಕ್ಕೂ ಒಂದು ಕೆಪಾಸಿಟರ್ ಏರ್ಪಡುತ್ತದೆ. ಎಸಿ ವಿದ್ಯುತ್ತು ಕೆಪಾಸಿಟರ್ ಮೂಲಕ ಅಲ್ಪಸ್ವಲ್ಪ ಹಾಯುತ್ತದೆ. ಹೊದಿಕೆ ಹಳತಾಗಿ ಸೀಳಿದ್ದ ಕಡೆ ನೇರ ಸೋರಿಕೆಯೂ ಸೇರಿಕೊಳ್ಳಬಹುದು. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ, ಪುನರ್ವಸು ಪುಷ್ಯ ಮಳೆಗಳು ಬಿಡದೆ ಹಿಡಿದ ದಿನಗಳಲ್ಲಿ, ಗೋಡೆ ಎಷ್ಟು ನೀರು ಕುಡಿದಿರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬೆಳಕು ಕುಗ್ಗಿ ಮಳೆಯಲ್ಲಿ ಹೆಚ್ಚುವುದು ಹೀಗೆ.

ತೇವ ಒಂದೇ ಕಾರಣವಾಗಿದ್ದರೆ ಅದಕ್ಕೂ ಹಿಂದಿನ ಮಳೆಗಾಲಗಳಲ್ಲಿ ಇದೇ ಎಲ್‌ಇಡಿಗಳು ಮಿಣುಗಬೇಕಾಗಿತ್ತು. ಹಾಗಾಗದೆ, ಮರ ಬಿದ್ದು ಸರ್ವಿಸ್ ತಂತಿ ಜೋಡಿಸಿದ ಮೇಲೆ, ಬೇರೆ ಬೇರೆ ಕೋಣೆಗಳ ಮೂರು ದೀಪಗಳು ಒಟ್ಟಿಗೇ ಹೀಗಾದವು ಎಂಬುದೇ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು. ಬೇರೆ ಬೇರೆ ಸ್ವಿಚ್ಚುಗಳು ಒಂದೇ ದಿನ ಕೆಡುವುದಿಲ್ಲ. ಕಂಬದಿಂದ ಮನೆಗೆ ಬರುವ ಜೋಡಿ ತಂತಿಯ ಕೆಂಪು ಕಪ್ಪು ಬಣ್ಣಗಳು ಬಿಸಿಲು ಮಳೆಗೆ ಮಾಸಿ ಒಂದೇ ಬೂದು ಬಣ್ಣವಾಗಿರುವುದು ಸಾಮಾನ್ಯ. ಸುರಿಯುವ ಮಳೆಯಲ್ಲಿ, ಊರೆಲ್ಲ ಕತ್ತಲಾಗಿರುವಾಗ ತರಾತುರಿಯಲ್ಲಿ ಜೋಡಿಸಿದ ತಂತಿಗಳು ಅದಲುಬದಲಾಗುವುದು ಅಪರೂಪವಲ್ಲ. ಜೋಡಿಸಿದ ಕ್ಷಣದಲ್ಲಿ ದೀಪ, ಫ್ಯಾನು, ಮಿಕ್ಸಿ ಎಲ್ಲವೂ ಎಂದಿನಂತೆ ನಡೆಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎಲೆಕ್ಟ್ರಿಷಿಯನ್ ಸ್ವಿಚ್ ಬದಲಿಸಿದರೂ ಫಲ ಸಿಗದಿದ್ದುದೂ ಇದಕ್ಕೆ ಹೊಂದುತ್ತದೆ: ಹೊಸ ಸ್ವಿಚ್ಚೂ ಅದೇ ತಪ್ಪು ತಂತಿಯನ್ನೇ ಕಡಿಯುತ್ತಿದೆ.

ಇದನ್ನು ನೀವೇ ಪರೀಕ್ಷಿಸಬಹುದು, ಏಣಿ ಹತ್ತಬೇಕಾಗಿಲ್ಲ, ಬೋರ್ಡು ಬಿಚ್ಚಬೇಕಾಗಿಲ್ಲ. ಒಂದು ಒಳ್ಳೆಯ ನಿಯಾನ್ ಟೆಸ್ಟರ್ ಸಾಕು. ಅದರ ಪ್ಲಾಸ್ಟಿಕ್ ಹಿಡಿ ಒಡೆದಿರಬಾರದು, ನಿಮ್ಮ ಕೈ ಒಣಗಿರಬೇಕು, ಟೆಸ್ಟರಿನ ಲೋಹದ ತುದಿಗೆ ಬೆರಳು ತಾಗದಂತೆ ಹಿಡಿಯಬೇಕು. ಮೂರು ಪಿನ್ನಿನ ಸಾಕೆಟ್ಟಿಗೆ ಮುಖ ಮಾಡಿ ನಿಂತಾಗ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆಯ ತೂತು ಫೇಸ್, ಎಡಗಡೆಯದು ನ್ಯೂಟ್ರಲ್ ಇರಬೇಕು. ಸಾಕೆಟ್ಟಿನ ಸ್ವಿಚ್ ಹಾಕಿ, ಟೆಸ್ಟರಿನ ತುದಿಯನ್ನು ಬಲ ತೂತಿಗೆ ತಾಗಿಸಿ ಹಿಂಬದಿಯ ಬಿಲ್ಲೆಯ ಮೇಲೆ ಬೆರಳಿಡಿ, ನಂತರ ಎಡ ತೂತಿಗೆ ತಾಗಿಸಿ. ಹಗಲಿನಲ್ಲಾದರೆ ನಿಯಾನಿನ ಕಿತ್ತಳೆ ಬೆಳಕು ಕಾಣದೆ ಮೋಸಹೋಗುವಿರಿ. ಇನ್ನೊಂದು ಕೈಯನ್ನು ಅದರ ಸುತ್ತ ಮರೆಯಾಗಿ ಹಿಡಿದು ನೋಡಿ. ಬಲಗಡೆ ಚೆನ್ನಾಗಿ ಉರಿದು ಎಡಗಡೆ ಉರಿಯದಿದ್ದರೆ ಆ ಸಾಕೆಟ್ಟು ಸರಿಯಿದೆ. ಎಡಗಡೆ ಉರಿದು ಬಲಗಡೆ ಉರಿಯದಿದ್ದರೆ ಅಲ್ಲಿ ಅದಲುಬದಲಾಗಿದೆ. ಈಗ ಆ ಸಾಕೆಟ್ಟಿನ ಸ್ವಿಚ್ ಆರಿಸಿ ಮತ್ತೆ ಎಡ ತೂತನ್ನು ಮುಟ್ಟಿಸಿ ನೋಡಿ: ಸ್ವಿಚ್ ಆರಿದ್ದರೂ ಟೆಸ್ಟರ್ ಉರಿಯುತ್ತಿದ್ದರೆ, ನಾನು ಪ್ಲಗ್ ಕಿತ್ತಿಡಿ ಎಂದು ಮೊದಲೇ ಒತ್ತಿ ಹೇಳಿದ್ದೇಕೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಒಂದೇ ಸಾಕೆಟ್ಟನ್ನು ನೋಡಿ ತೀರ್ಮಾನಿಸಬೇಡಿ. ಬೇರೆ ಬೇರೆ ಕೋಣೆಗಳಲ್ಲಿ ನೋಡಿ. ಎಲ್ಲ ಕಡೆಯೂ ಎಡಗಡೆಯೇ ಉರಿದರೆ ಅದಲುಬದಲಾಗಿರುವುದು ಮೇನ್ ಸ್ವಿಚ್ಚಿಗಿಂತ ಮೊದಲು ಅಥವಾ ಅಲ್ಲಿಯೇ. ಒಂದು ಬೋರ್ಡಿನಲ್ಲಿ ಮಾತ್ರ ಹಾಗಿದ್ದರೆ ತಪ್ಪು ಆ ಬೋರ್ಡಿನದು. ಎರಡೂ ತೂತುಗಳಲ್ಲಿ ಉರಿದರೆ ಅದು ಮೂರನೆಯ ಬಗೆಯ ದೋಷ: ನ್ಯೂಟ್ರಲ್ ಎಲ್ಲೋ ಕಡಿದಿದೆ, ಹೊತ್ತಿಸಿಟ್ಟ ಯಾವುದೋ ಉಪಕರಣದ ಮೂಲಕ ಫೇಸ್ ಈ ಕಡೆಗೂ ಬಂದಿದೆ ಎಂದರ್ಥ, ಆಗ ಮೇನ್ ಇಳಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ನಿಮ್ಮ ಮನೆಯಲ್ಲಿ ಯುಪಿಎಸ್ ಇದೆಯೇ ಎಂದು ನೀವು ಬರೆದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಲೆನಾಡಿನಲ್ಲಿ ನಿತ್ಯದ ಮಾತಾದ್ದರಿಂದ ಇರಬಹುದೆಂದು ಊಹಿಸಿ ಒಂದು ಮಾತು ಸೇರಿಸುತ್ತೇನೆ. ದೀಪಗಳ ಫೇಸ್ ಮತ್ತು ನ್ಯೂಟ್ರಲ್ ಎರಡೂ ಯುಪಿಎಸ್ ಮೂಲಕವೇ ಹಾದುಹೋಗುವಂತೆ ಜೋಡಿಸಿದ್ದು, ಯುಪಿಎಸ್‌ಗೆ ಕರೆಂಟು ಕೊಡುವ ಸಾಕೆಟ್ಟಿನಲ್ಲಿ ಅದಲುಬದಲಾಗಿದ್ದರೆ, ಉಳಿದ ಸಾಕೆಟ್ಟುಗಳೆಲ್ಲ ಸರಿಯಿದ್ದೂ ಯುಪಿಎಸ್ ಮೇಲಿನ ದೀಪಗಳು ಮಾತ್ರ ಹೀಗೆ ಮಿಣುಗುತ್ತವೆ. ಆದ್ದರಿಂದ ಆ ಸಾಕೆಟ್ಟನ್ನು ಬೇರೆಯಾಗಿ ನೋಡಿ.

ಈಗ ಅಪಾಯದ ವಿಷಯ. ಬಲ್ಬು ಬದಲಿಸುವಾಗ ಹೋಲ್ಡರಿನ ಪಿನ್ನಿಗೆ ಬೆರಳು ತಾಗಿ ಆಘಾತವಾಗುವುದು ಎಲ್ಲರ ಕಣ್ಣಿಗೂ ಬೀಳುವ ಅಪಾಯ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಚ್ಚಲು ಮನೆ. ನೀರು ಕಾಯಿಸುವ ಕಾಯಿಲನ್ನು ಬಕೆಟ್ಟಿನಲ್ಲಿಟ್ಟು, ನೀರು ಕಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಹಾಗೆಯೇ ಬಿಟ್ಟು ಬಕೆಟ್ಟಿಗೆ ಕೈ ಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಅದು ಎಂದೂ ಮಾಡಬಾರದ ಕೆಲಸ. ತಂತಿಗಳು ಅದಲುಬದಲಾದ ಮನೆಯಲ್ಲಂತೂ ಸ್ವಿಚ್ ಆರಿಸಿದ ಮೇಲೂ ಕಾಯಿಲಿನ ಒಳಗಿನ ಎಳೆಯ ಉದ್ದಕ್ಕೂ ಫೇಸ್ ಇರುತ್ತದೆ. ಹೊರಕವಚದಲ್ಲಿ ಬಿರುಕಿದ್ದರೆ ನೀರಿಗೇ ಬರುತ್ತದೆ.

ಎರಡನೆಯದು ಫ್ಯೂಸಿನ ಮಾತು. ಹಳೆಯ ಮನೆಗಳ ಮೇನ್ ಬೋರ್ಡಿನಲ್ಲಿ ಫ್ಯೂಸ್ ಇರುವುದು ಫೇಸ್ ತಂತಿಗೆ ಮಾತ್ರ. ನ್ಯೂಟ್ರಲ್ಲಿಗೆ ಪಟ್ಟಿ ಹಾಕಿ ನೇರ ಜೋಡಿಸಿರುತ್ತಾರೆ. ಅದಲುಬದಲಾದಾಗ ಫ್ಯೂಸ್ ನ್ಯೂಟ್ರಲ್ಲಿನಲ್ಲಿ ಬಂದು ಕೂರುತ್ತದೆ. ಪಂಪಿನ ಅಥವಾ ಗ್ರೈಂಡರಿನ ಒಳಗೆ ತಂತಿ ಸುಲಿದು ಮೈಗೆ ತಾಗಿತೆನ್ನಿ. ಕರೆಂಟು ಫೇಸಿನಿಂದ ಮೈಗೆ, ಮೈಯಿಂದ ಅರ್ತಿಗೆ ಹರಿಯುತ್ತದೆ, ಫ್ಯೂಸಿನ ದಾರಿಯನ್ನು ಹಾಯುವುದೇ ಇಲ್ಲ. ಕಾಯಬೇಕಾದ ಫ್ಯೂಸ್ ಸುಡದೆ ಸುಮ್ಮನೆ ಕುಳಿತಿರುತ್ತದೆ. ಫ್ಯೂಸಿನ ಬದಲು ಬಳಸುವ, ಒಂದೇ ತಂತಿಯನ್ನು ಕಡಿಯುವ ಎಂಸಿಬಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಾಗಾಗಿ ಮೇನ್ ಇಳಿಸಿ ಎಂದು ನಾನು ಹೇಳುವುದು ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಮೇನ್ ಸ್ವಿಚ್ಚನ್ನು ಉದ್ದೇಶಿಸಿ. ಇಳಿಸಿದ ಮೇಲೂ ಒಂದು ಸಾಕೆಟ್ಟಿನ ಎರಡೂ ತೂತುಗಳನ್ನು ಟೆಸ್ಟರಿನಲ್ಲಿ ನೋಡಿಕೊಂಡೇ ಮುಂದಿನ ಕೆಲಸಕ್ಕೆ ಹೋಗಿ. ಮಿಕ್ಸಿಯ, ಪಂಪಿನ ಅಥವಾ ಫ್ರಿಜ್ಜಿನ ಮೈ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಪರೀಕ್ಷೆ ಗಿರೀಕ್ಷೆ ಎಲ್ಲ ಆಮೇಲೆ. ಮೊದಲು ಮೇನ್ ಇಳಿಸಿ ಜನರನ್ನು ಕರೆಯಿರಿ.

ಬಿಲ್ಲಿನ ಲೆಕ್ಕ ಚಿಕ್ಕದು. ಒಂದು ಬಲ್ಬಿನಲ್ಲಿ 0.1 ಮಿಲಿಆಂಪಿಯರ್ ಹರಿಯುತ್ತದೆ ಎಂದುಕೊಂಡರೆ ಅದರ ಶಕ್ತಿ ಹೆಚ್ಚೆಂದರೆ 0.023 ವ್ಯಾಟ್. ನಾಲ್ಕು ದೀಪಗಳು 30 ದಿನ ಹಗಲು ರಾತ್ರಿ ಹೀಗೆ ಮಿಣುಗಿದರೂ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಬಿಲ್ಲು ನಿಜವಾಗಿಯೂ ಹೆಚ್ಚು ಬರುತ್ತಿದ್ದರೆ ಅದರ ಕಾರಣ ಬೇರೆಯೇ ಇರಬೇಕು.

ಸರಿಪಡಿಸುವ ಕೆಲಸವನ್ನು ಯಾರು ಮಾಡಬೇಕು ಎಂಬುದು ತಪ್ಪು ಎಲ್ಲಿದೆ ಎನ್ನುವುದರ ಮೇಲಿದೆ. ಕಂಬ, ಸರ್ವಿಸ್ ತಂತಿ ಮತ್ತು ಸೀಲು ಹಾಕಿದ ಮೀಟರು ವಿದ್ಯುತ್ ಕಂಪನಿಗೆ ಸೇರಿದ್ದು. ಖಾಸಗಿ ಎಲೆಕ್ಟ್ರಿಷಿಯನ್ ಅಲ್ಲಿ ಕೈ ಹಾಕುವಂತಿಲ್ಲ. ಮೀಟರಿನಿಂದ ಈಚೆಗಿನದು ನಿಮ್ಮದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮೀಟರಿಗೆ ಬರುವ ತಂತಿಯಲ್ಲೇ ಅದಲುಬದಲಾಗಿದೆಯೇ ಎಂದು ಮೊದಲು ನೋಡಿಸಿ. ಹಾಗಿದ್ದರೆ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಲೈನ್‌ಮನ್ ಬಂದಾಗ ಎಲೆಕ್ಟ್ರಿಷಿಯನ್ ಕೂಡ ಸ್ಥಳದಲ್ಲಿರುವಂತೆ ನೋಡಿಕೊಳ್ಳಿ. ದೂರಿನಲ್ಲಿ ದೀಪ ಮಿಣುಗುತ್ತದೆ ಎಂದಷ್ಟೇ ಹೇಳಿದರೆ ಬಲ್ಬು ಬದಲಿಸಿ ಎಂಬ ಉತ್ತರ ಬರಬಹುದು. ಸರ್ವಿಸ್ ತಂತಿ ಮರುಜೋಡಿಸಿದ ಮೇಲೆ ಫೇಸ್ ನ್ಯೂಟ್ರಲ್ ಅದಲುಬದಲಾಗಿದೆ, ಮನೆಯ ಎಲ್ಲ ಸಾಕೆಟ್ಟುಗಳ ಎಡ ತೂತಿನಲ್ಲಿ ಫೇಸ್ ತೋರಿಸುತ್ತಿದೆ ಎಂದು ಬಿಡಿಸಿ ಹೇಳಿ. ತಪ್ಪು ಕಂಬದಲ್ಲಿದ್ದರೆ ಅದನ್ನು ಕಂಬದಲ್ಲೇ ತಿದ್ದಬೇಕು. ಮನೆಯೊಳಗಿನ ಬೋರ್ಡಿನಲ್ಲಿ ತಂತಿಗಳನ್ನು ತಿರುಚಿ ಸರಿಮಾಡಿಕೊಂಡರೆ, ಮುಂದಿನ ಗಾಳಿಮಳೆಯ ನಂತರ ಯಾರಾದರೂ ಕಂಬದಲ್ಲಿ ಸರಿಯಾಗಿ ಜೋಡಿಸಿದ ದಿನ ಮನೆಯೊಳಗೆ ಮತ್ತೆ ತಪ್ಪಾಗುತ್ತದೆ.

ತಿದ್ದುವ ಮೊದಲು ಎಲೆಕ್ಟ್ರಿಷಿಯನ್ನರು ಇನ್ನೊಂದು ವಿಷಯವನ್ನು ಗಮನಿಸಲಿ. ಹಿಂದೆಂದೋ ನ್ಯೂಟ್ರಲ್ ಕೈಕೊಟ್ಟಾಗ ಅರ್ತಿನ ತಂತಿಯನ್ನೇ ನ್ಯೂಟ್ರಲ್ಲಾಗಿ ಬಳಸಿ, ಅದನ್ನು ಹಾಗೆಯೇ ಮರೆತಿರುವ ಮನೆಗಳು ನಮ್ಮಲ್ಲಿವೆ. ಅಂಥ ಜೋಡಣೆ ಎಲ್ಲಿದ್ದರೂ ಬಿಡಿಸಲೇಬೇಕು. ಇದೇ ಸಂದರ್ಭದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಒಂದನ್ನು ಹಾಕಿಸಿಕೊಳ್ಳಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದ ಕೂಡಲೇ ಅದು ಎರಡೂ ತಂತಿಗಳನ್ನು ಕಡಿಯುತ್ತದೆ, ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೂ ಅದರ ಕೆಲಸ ನಿಲ್ಲುವುದಿಲ್ಲ. ಮಳೆನಾಡಿನ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ತಿದ್ದಿದ ರಾತ್ರಿ ಜಗಲಿ ಮತ್ತು ನಡುಮನೆಯ ದೀಪಗಳು ಪೂರ್ತಿ ಆರಬೇಕು. ಬಚ್ಚಲ ಹಾದಿಯ ದೀಪ ಮಾತ್ರ ಇನ್ನೂ ಮಿನುಗುತ್ತಿದ್ದರೆ ಅದರ ಸ್ವಿಚ್ ಬೋರ್ಡನ್ನು ಮೇನ್ ಇಳಿಸಿ ಬಿಚ್ಚಿ ನೋಡಿಸಿ. ಒಲೆಯ ಹೊಗೆ, ಹಂಡೆಯ ಹಬೆ, ಗಾಳಿಗೆ ಬಡಿಯುವ ಎರಚಲು ಮೂರೂ ಸೇರುವ ಜಾಗ ಅದು. ಬೋರ್ಡಿನೊಳಗೆ ಮಸಿ ಕಟ್ಟಿ, ಕಣಜ ಮಣ್ಣಿನ ಗೂಡು ಮಾಡಿ, ಆ ಮಣ್ಣು ತೇವ ಹಿಡಿದು ಸ್ವಿಚ್ಚಿನ ಎರಡು ಸ್ಕ್ರೂಗಳ ನಡುವೆ ಸೇತುವೆಯಾಗಿರಬಹುದು. ಅಲ್ಲಿ ಕಂದು ಬಣ್ಣದ ಸುಟ್ಟ ಗೆರೆ ಕಂಡರೆ ಒರೆಸಿ ಮುಚ್ಚಬೇಡಿ. ಸ್ವಿಚ್ಚನ್ನೂ ಹಲಗೆಯನ್ನೂ ಬದಲಿಸಿ, ಸಾಧ್ಯವಾದರೆ ಬೋರ್ಡನ್ನೇ ಎರಚಲು ಬಡಿಯದ ಒಳಗೋಡೆಗೆ ಸರಿಸಿ. ತಂತಿಗಳು ಬೋರ್ಡಿನೊಳಕ್ಕೆ ಕೆಳಗಿನಿಂದ ಪ್ರವೇಶಿಸುವಂತಿದ್ದರೆ ಅವುಗಳ ಗುಂಟ ಇಳಿಯುವ ನೀರು ಒಳಗೆ ಹೋಗುವುದಿಲ್ಲ.

ಇಡೀ ಮನೆಯ ಹಳೆಯ ತಂತಿಗಳ ಬಗ್ಗೆ ಅನುಮಾನವಿದ್ದರೆ, ತಂತಿಯ ಹೊದಿಕೆ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಮೆಗ್ಗರ್ ಹಾಕಿಸಿ. ಮೇನ್ ಇಳಿಸಿ, ಎಲ್ಲ ಎಲ್‌ಇಡಿ ಬಲ್ಬುಗಳನ್ನು ತೆಗೆದು, ಎಲ್ಲ ಪ್ಲಗ್ಗುಗಳನ್ನು ಕಿತ್ತು, 500 ವೋಲ್ಟ್ ಡಿಸಿಯಲ್ಲಿ ತಂತಿಗೂ ಅರ್ತಿಗೂ ನಡುವಿನ ನಿರೋಧವನ್ನು ಅಳೆಯಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಇಲಿ ಕಡಿದ ತಂತಿಯಿದ್ದರೆ ಅದೂ ಇದರಲ್ಲಿ ಸಿಕ್ಕಿಬೀಳುತ್ತದೆ. ಸರಿಯಾಗಿ ಒಂದು ಮೆಗಾಓಮ್ ಬಂದರೂ 230 ವೋಲ್ಟಿನಲ್ಲಿ 0.23 ಮಿಲಿಆಂಪಿಯರ್ ಸೋರುತ್ತದೆ, ಎಲ್‌ಇಡಿ ಮಿಣುಗಲು ಅಷ್ಟು ಧಾರಾಳವಾಯಿತು. ಆದ್ದರಿಂದ ಮಿಣುಕು ಬೆಳಕು ಕಂಡಲ್ಲೆಲ್ಲ ಇಡೀ ಮನೆಯ ತಂತಿ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ಮೆಗ್ಗರಿನ ಅಳತೆ ಕೇಳಿ ಆಮೇಲೆ ಒಪ್ಪಿ.

ಉಳಿದದ್ದು ಮೆಟ್ಟಿಲ ದೀಪ. ಇದು ಮೊದಲಿನಿಂದಲೂ ಹೀಗೆಯೇ ಇದೆ ಎಂದು ಬರೆದು ನೀವು ನನ್ನ ಕೆಲಸವನ್ನು ಹಗುರ ಮಾಡಿದ್ದೀರಿ, ಏಕೆಂದರೆ ಇದರ ಕಾರಣ ಬೇರೆ. ಮೇಲಿನ ಮತ್ತು ಕೆಳಗಿನ ಟೂ ವೇ ಸ್ವಿಚ್ಚುಗಳ ನಡುವೆ ಎರಡು ತಂತಿಗಳು ಜೊತೆಜೊತೆಯಾಗಿ ಓಡುತ್ತವೆ. ದೀಪ ಆರಿದ್ದಾಗ ಅವುಗಳಲ್ಲಿ ಒಂದರಲ್ಲಿ ಫೇಸ್ ಇರುತ್ತದೆ, ಇನ್ನೊಂದು ದೀಪಕ್ಕೆ ಸೇರಿಕೊಂಡು ಖಾಲಿಯಾಗಿರುತ್ತದೆ. ಹೀಗೆ ಅಂಟಿಕೊಂಡು ಸಾಗುವ ಎರಡು ತಂತಿಗಳ ನಡುವೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ ಎಂದು ಹಿಡಿದರೆ, 15 ಮೀಟರಿಗೆ 1,500 ಆಯಿತು. 50 ಹರ್ಟ್ಜ್‌ನಲ್ಲಿ ಅದು ಸುಮಾರು ಎರಡು ಮೆಗಾಓಮ್ ಅಡ್ಡಿಗೆ ಸಮ, ಅದರ ಮೂಲಕ 0.1 ಮಿಲಿಆಂಪಿಯರ್ ಹರಿಯುತ್ತದೆ. ಇದರಲ್ಲಿ ದೋಷವೂ ಇಲ್ಲ, ಅಪಾಯವೂ ಇಲ್ಲ. ಡಿಜಿಟಲ್ ಮಲ್ಟಿಮೀಟರ್ ಹಿಡಿದು ಆ ಹೋಲ್ಡರಿನಲ್ಲಿ ಅಳೆದರೆ ಹತ್ತಾರು ವೋಲ್ಟು, ಕೆಲವೊಮ್ಮೆ ನೂರರ ಹತ್ತಿರವೂ ತೋರಿಸುವುದುಂಟು. ಮೀಟರಿನ ಒಳನಿರೋಧ ಬಹಳ ಹೆಚ್ಚಿರುವುದರಿಂದ ಅದು ಆ ಹುಸಿ ವೋಲ್ಟೇಜನ್ನೂ ಹಿಡಿಯುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಅದೇ ಹೋಲ್ಡರಿಗೆ ಝೀರೋ ಕ್ಯಾಂಡಲ್ ಬಲ್ಬು ಹಾಕಿ ಅದಕ್ಕೆ ಅಡ್ಡಲಾಗಿ ಅಳೆದರೆ ವೋಲ್ಟೇಜು ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ.

ಆ ಬೆಳಕು ನಿಮಗೆ ಕಿರಿಕಿರಿಯಾದರೆ, ಎಲೆಕ್ಟ್ರಿಷಿಯನ್ನರಿಂದ ಹೋಲ್ಡರಿನ ಎರಡು ತುದಿಗಳಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್‌ನ, 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯ ಕೆಪಾಸಿಟರನ್ನು 100 ಓಮ್ ರೆಸಿಸ್ಟರಿನೊಂದಿಗೆ ಸರಣಿಯಲ್ಲಿ ಹಾಕಿಸಬಹುದು. ಆಗ ಬಲ್ಬಿಗೆ ಉಳಿಯುವ ವೋಲ್ಟೇಜು ಮೂರೂವರೆಯಷ್ಟಕ್ಕೆ ಇಳಿದು ಬೆಳಕು ನಿಲ್ಲುತ್ತದೆ. ಕೈಗೆ ಸಿಕ್ಕಿತೆಂದು ಹಳೆಯ ಫ್ಯಾನಿನ ಕೆಪಾಸಿಟರನ್ನು ಅಲ್ಲಿ ಕಟ್ಟಬೇಡಿ. ಅದು ಬೇಕಾದದ್ದಕ್ಕಿಂತ ಬಹಳ ದೊಡ್ಡದು, ಹೋಲ್ಡರಿನೊಳಗೆ ಹಿಡಿಸುವುದೂ ಇಲ್ಲ. ಇದಾವುದೂ ಬೇಡವೆಂದರೆ ಬೇರೆ ತಯಾರಿಕೆಯ ಬಲ್ಬೊಂದನ್ನು ಹಾಕಿ ನೋಡಿ, ಎಷ್ಟೋ ಡ್ರೈವರ್‌ಗಳು ಇಷ್ಟು ಅಲ್ಪ ಕರೆಂಟನ್ನು ತಾವೇ ಇಂಗಿಸಿಕೊಳ್ಳುತ್ತವೆ. ಈ ಕೆಪಾಸಿಟರನ್ನು ಜಗಲಿ, ನಡುಮನೆಯ ದೀಪಗಳಿಗೆ ಮಾತ್ರ ಈಗಲೇ ಹಾಕಿಸಬೇಡಿ: ಅಲ್ಲಿ ಬೆಳಕು ನಿಂತರೂ ಹೋಲ್ಡರಿನಲ್ಲಿ ಫೇಸ್ ಹಾಗೆಯೇ ಇರುತ್ತದೆ, ಅದನ್ನು ನಿಮಗೆ ತಿಳಿಸುತ್ತಿದ್ದ ಗುರುತೊಂದು ಹೋಗುತ್ತದೆ.